ಗೌರಮ್ಮನ ಕಸುಬು

ಬ್ಯಾಂಕಿನಲ್ಲಿ ಸರದಿ ಕಾಯುತ್ತ ಕೂತವನ ಜೇಬಿನಲ್ಲಿ ಪೆನ್ನಿದ್ದು, ಕನ್ನಡಕ ಮೂಗಿನ ತುದಿಗೆ ಇಳಿದಿದ್ದರೆ, ಊರಿನ ಅರ್ಧ ಫಾರಂಗಳು ಅವನ ತೊಡೆಯ ಮೇಲೇ ಬಂದು ಬೀಳುತ್ತವೆ. ಮೊನ್ನೆ ಗುಡೇಮಾರನಹಳ್ಳಿ ಕಡೆಯ ಗಂಡ ಹೆಂಡತಿ ಹೀಗೇ ಒಂದು ಫಾರಂ ಚಾಚಿದರು. ಖಾತೆ ಹೆಂಡತಿಯ ಹೆಸರಿನಲ್ಲಿ. ಹೆಸರು ಬರೆದೆ, ಊರು ಬರೆದೆ, ‘ಕಸುಬು’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಗೌರಮ್ಮ ನೆನಪಾದರು.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ. ನಾನಾಗ ಚನ್ನಪಟ್ಟಣದಲ್ಲಿ ಇಂಗ್ಲಿಷ್ ಮೇಷ್ಟ್ರು. ಮೈಸೂರು ದಾಟಿ ಆಚೆಗೆ ಹೋದವನಲ್ಲ, ಆದರೂ ನಮ್ಮ ಬೀದಿಗೆ ನಾನೇ ವಿದೇಶಾಂಗ ಮಂತ್ರಿ. ನಮ್ಮ ಮನೆಯ ಹಿಂದಿನ ಮನೆ ಶಿವನಂಜಪ್ಪನವರದು. ಅವರೂ ಹೆಂಡತಿ ಗೌರಮ್ಮನೂ ಹಿತ್ತಲಿನ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ, ಬೇಸಿನ್ ಎಂಬ ಬಿಸಿನೀರಿನ ತೊಟ್ಟಿಯಲ್ಲಿ ನೂಲು ತೆಗೆಯುತ್ತಿದ್ದರು. ಬೆಂದ ಹುಳುವಿನ ನಾತಕ್ಕೆ ನಮ್ಮ ಮನೆಗೆ ಬಂದ ನೆಂಟರು ಎರಡನೇ ದಿನಕ್ಕೆ ನಿಲ್ಲುತ್ತಿರಲಿಲ್ಲ. ಈ ಉಪಕಾರವನ್ನು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.

ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಅವರ ಆಳುಗಳು ಒಬ್ಬೊಬ್ಬರೇ ಯೂನಿಫಾರಂ ತೊಟ್ಟು ಕಂಪನಿ ಬಸ್ಸು ಹತ್ತಿದರು. ಇನ್ನು ಶೆಡ್ಡಿಗೆ ಬೀಗವೇ ಗತಿ ಎನ್ನುವಾಗ, ಆಫ್ರಿಕಾದಲ್ಲೊಂದು ಕಂಪನಿಗೆ ನೂಲು ತೆಗೆಯುವುದನ್ನು ಕಲಿಸುವವರು ಬೇಕೆಂಬ ಸುದ್ದಿ ಬಂತು. ಫಾರಂ ತುಂಬಿದವನು ನಾನೇ. ಶಿವನಂಜಪ್ಪನವರ ಕಸುಬು ‘ರೇಷ್ಮೆ ತಜ್ಞ’ ಎಂದು ಚೆಂದಾಗಿ ಬರೆದೆ. ಗೌರಮ್ಮನ ಕಸುಬು, ಅವರನ್ನು ಒಂದು ಮಾತೂ ಕೇಳದೆ, ‘ಗೃಹಿಣಿ’ ಎಂದು ಗೀಚಿದೆ.

ಕೆಲಸ ಸಿಕ್ಕಿತು, ವೀಸಾ ಬಂತು. ಹೊರಡಲು ಎಂಟು ದಿನವಿತ್ತು. ಗೂಡು ತೂಗುತ್ತಿದ್ದ ತಕ್ಕಡಿಯಲ್ಲೇ ಪೆಟ್ಟಿಗೆ ತೂಗಿದರು. ರಾಗಿ ಹಿಟ್ಟು ಇಟ್ಟರೆ ಹುರುಳಿಕಾಳು ಹೆಚ್ಚಾಗುತ್ತಿತ್ತು, ಹುರುಳಿಕಾಳು ಇಟ್ಟರೆ ಮುದ್ದೆಕೋಲು. ಕೊನೆಗೆ ಪಕ್ಕದ ಬೀದಿಯ ಗೊಂಬೆ ಮಾಡುವವರು ಗೇಣುದ್ದದ ಕೋಲೊಂದನ್ನು ಕಡೆದು, ಹಿಡಿಗೆ ಕೆಂಪು ಅರಗು ಹಚ್ಚಿ ಕೊಟ್ಟರು. ಇದು ಮುದ್ದೆ ತಿರುವಲಿಕ್ಕೋ ಮಗು ಆಡಲಿಕ್ಕೋ ಎಂದು ನಾನು ನಕ್ಕೆ. ಗೌರಮ್ಮ ನಗಲಿಲ್ಲ.

“ಮೇಷ್ಟ್ರೆ, ಆ ಕಾಗ್ದದಲ್ಲಿ ನನ್ ಕೆಲ್ಸ ಏನಂತ ಬರ್ದಿದ್ದೀರಿ?”

“ಗೃಹಿಣಿ ಅಂತ.”

“ಅಂಗಂದ್ರೆ ಅಲ್ಲಿ ನಾನು ಬೇಸಿನ್ ಮುಂದೆ ಕೂರಂಗಿಲ್ವಾ?”

ವೀಸಾ ತೆಗೆದು ಓದಿದೆ. ಗಂಡನ ಜೊತೆ ಇರಬಹುದು, ಕೆಲಸ ಮಾಡುವಂತಿಲ್ಲ ಎಂದು ಬರೆದಿತ್ತು. ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಶಿವನಂಜಪ್ಪನವರು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

“ಕೆಟ್ಟೆ ಕಣ್ರೀ ಮೇಷ್ಟ್ರೆ. ಗೂಡನ್ನ ಕಿವಿತಾವ ಅಲ್ಲಾಡ್ಸಿ ರೇಟು ಹೇಳ್ತೀನಿ. ಆದ್ರೆ ಬಿಸ್ನೀರಲ್ಲಿ ಎಳೆ ತುದಿ ನಂಗೆ ಸಿಗಾಕಿಲ್ಲ. ಇಪ್ಪತ್ತು ವರ್ಸದಿಂದ ಇವ್ಳೇ ಹಿಡ್ಕೊಡೋದು.”

ಹಿತ್ತಲ ಗೋಡೆಯ ಮೇಲಿಂದ ದಿನ ಬೆಳಗಾದರೆ ನಾನು ನೋಡುತ್ತಿದ್ದುದು ಏನನ್ನು? ಹೊಗೆಯಾಡುವ ನೀರಿನಲ್ಲಿ ಆಡುವ ಗೌರಮ್ಮನ ಕೈಗಳನ್ನು. ಶಿವನಂಜಪ್ಪನವರು ಆ ಹೊತ್ತಿಗೆ ಗೂಡಿನ ಮಾರ್ಕೆಟ್ಟಿನಲ್ಲಿ ಇರುತ್ತಿದ್ದರು. ಕಣ್ಣಾರೆ ಕಂಡದ್ದೂ ಬರೆಯುವಾಗ ನನ್ನ ಕೈಗೆ ಬರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಏಜೆಂಟನಿಗೆ ಫೋನು ಮಾಡಿದೆ. ತಿದ್ದಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗುತ್ತದೆ ಎಂದ.

ವಿದೇಶಕ್ಕೆ ಹೊರಟವರು ಕೊನೆಯ ವಾರ ನೆಂಟರ ಮನೆ, ದೇವಸ್ಥಾನ ಎಂದು ತಿರುಗುತ್ತಾರಂತೆ. ಇವರು ತೊಳೆದು ಗುಡಿಸಿಟ್ಟ ಶೆಡ್ಡಿನಲ್ಲಿ ಮತ್ತೆ ಒಲೆ ಹಚ್ಚಿದರು. ಮರಳವಾಡಿಯಿಂದ ಗೌರಮ್ಮನ ಅಕ್ಕನೇ ಬುತ್ತಿ ಕಟ್ಟಿಕೊಂಡು ಬಂದು ನೋಡಿ ಹೋದಳು. ಗೌರಮ್ಮ ಗಂಡನಿಗೆ ಹೇಳಿಕೊಡುವ ಪಾಠ ಗೋಡೆಯಾಚೆಯಿಂದ ಕೇಳುತ್ತಿತ್ತು.

“ಅಮುಕ್ಬ್ಯಾಡಿ, ಒಸಿ ಸವರಿ ಸಾಕು. ಎಳೆ ತಾನೇ ಬೆರಳಿಗೆ ಬತ್ತದೆ.”

“ಅಯ್ಯಪ್ಪಾ, ಸುಡ್ತೈತೆ ಕಣಮ್ಮಿ!”

“ಸುಡೋದು ಮೊದಲ್ನೇ ಐದು ವರ್ಸ ಅಷ್ಟೇಯ.”

ಹೊರಡುವ ದಿನ ಶಿವನಂಜಪ್ಪನವರ ಕೈ ಕುಲುಕಲು ಹೋದರೆ ಬೆರಳೆಲ್ಲ ಬೊಬ್ಬೆ. ಎಳೆ ಸಿಗುತ್ತದೆಯೇ ಎಂದೆ. ಹತ್ತರಲ್ಲಿ ನಾಲ್ಕು ಎಂದರು. ಗೌರಮ್ಮ ಮುದ್ದೆಕೋಲನ್ನು ಕೈಚೀಲದಲ್ಲಿ ಸಿಕ್ಕಿಸಿಕೊಂಡು ಕಾರು ಹತ್ತಿದರು.

ವರ್ಷದ ಮೇಲೆ ಒಂದು ಫೋಟೊ ಬಂತು. ಬಿಳಿ ಕೋಟು ತೊಟ್ಟ ಶಿವನಂಜಪ್ಪನವರು, ಸುತ್ತ ಶಿಷ್ಯರು, ನಡುವೆ ಬೇಸಿನ್ನು. ಹಿಂಬದಿಯಲ್ಲಿ ಅವರೇ ಬರೆದಿದ್ದರು: ‘ದಿನಾ ಸಾಯಂಕಾಲ ಇವಳು ಅಡಿಗೆಮನೆಯಲ್ಲಿ ಗೂಡು ಬೇಯಿಸಿ ನನಗೆ ಹೇಳಿಕೊಡುತ್ತಾಳೆ. ಮಾರನೇ ದಿನ ನಾನು ಅವರಿಗೆ ಹೇಳಿಕೊಡುತ್ತೇನೆ.’ ಫೋಟೊದಲ್ಲಿ ಗೌರಮ್ಮ ಇರಲಿಲ್ಲ.

ಬ್ಯಾಂಕಿನಲ್ಲಿ ಪೆನ್ನು ಹಿಡಿದವನು ತಲೆ ಎತ್ತಿ ಹೆಂಗಸನ್ನು ಕೇಳಿದೆ.

“ಏನು ಕೆಲಸ ಮಾಡ್ತೀಯವ್ವ?”

“ಏನಿಲ್ಲ ಸಾ, ಮನೇಲೇ ಅವ್ಳೆ,” ಎಂದ ಗಂಡ.

“ನಿನ್ನ ಕೇಳಲಿಲ್ಲ ಕಣಪ್ಪ.”

ಆಕೆ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡಳು. “ಮೂರು ಹಸ ಅವೆ, ಎಲ್ಡೊತ್ತೂ ಡೈರಿಗೆ ಹಾಲು ಹಾಕ್ತೀನಿ. ರಾಗಿ ಹೊಲ ನಂದೇಯ. ಹಿಪ್ಪುನೇರ್ಳೆ ಸೊಪ್ಪು ಕುಯ್ದು ಹುಳ ಮೇಯಿಸ್ತೀನಿ.” ಫಾರಂ ಕಡೆ ಬಗ್ಗಿ ನೋಡಿ, “ಅಷ್ಟೂ ಬರೆಯಾಕೆ ಜಾಗ ಐತಾ ಸಾ?” ಎಂದಳು.

ಜಾಗ ಇರಲಿಲ್ಲ. ಗೆರೆ ದಾಟಿ, ಕಾಗದದ ಅಂಚಿನವರೆಗೂ ಬರೆದೆ.