ಬೀರುವಿನ ಹೊಸ ಕನ್ನಡಿ

ಸ್ನಾನ ಮುಗಿಸಿ ಬಂದ ಸೋದರತ್ತೆ ಬೀರುವಿನ ಎದುರು ಥಟ್ಟನೆ ನಿಂತುಬಿಟ್ಟರು. ಅಜ್ಜಿಯಿಂದ ಬಂದ ತೇಗದ ಬೀರು ಅದು. ಜಯನಗರ ಆಗಿನ್ನೂ ಹೊಸ ಬಡಾವಣೆ. ಅಲ್ಲಿ ಕಟ್ಟಿಸಿದ ಮನೆಗೆಂದು ಅಪ್ಪ ಬೀರುವಿಗೆ ಪಾಲಿಶ್ ಮಾಡಿಸಿ, ಮಂಕಾಗಿ ಏನೂ ಕಾಣದಂತಾಗಿದ್ದ ಕನ್ನಡಿ ತೆಗೆಸಿ, ಆಳೆತ್ತರದ ಹೊಸದನ್ನು ಕೂರಿಸಿದ್ದರು.

ಅತ್ತೆ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿದ ದಿನವೇ ಅವರಿಗೆ ಕನ್ನಡಿಯೂ ನಿಷಿದ್ಧವಾಗಿತ್ತು. ಈಗ ಅರವತ್ತು ದಾಟಿತ್ತು. ಹೊಸ ಕನ್ನಡಿಯ ಸಡಗರದಲ್ಲಿ ನಮಗಾರಿಗೂ ಇದು ನೆನಪಾಗಿರಲಿಲ್ಲ. ಅಪ್ಪ ಗಾಬರಿಯಿಂದ ಹೆಗಲ ಮೇಲಿನ ಟವೆಲ್ ತೆಗೆದು ಕನ್ನಡಿಗೆ ಹೊದಿಸಲು ಹೋದರು.

"ಬೇಡ ಕಣೋ, ಬಿಡು," ಎಂದು ಅತ್ತೆ ತಮ್ಮನನ್ನು ತಡೆದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕನ್ನಡಿಯಲ್ಲಿ ಕಂಡ ಕೆನ್ನೆಯನ್ನು ಮೆಲ್ಲನೆ ಮುಟ್ಟಿದರು. "ಥೇಟ್ ಅಮ್ಮನೇ ಕಣೋ. ಅಮ್ಮನ್ನ ನೋಡಿ ಎಷ್ಟು ವರ್ಷ ಆಗೋಗಿತ್ತು!"

ಅಪ್ಪ ಆ ಟವೆಲ್ಲಿನಲ್ಲಿ ತಮ್ಮ ಮುಖ ಮುಚ್ಚಿಕೊಂಡರು.

ಇರುವವರೆಗೂ ಅತ್ತೆ ದಿನಾ ಸ್ನಾನವಾದ ಮೇಲೆ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದರು. ಹಣೆಗೆ ಇಟ್ಟುಕೊಳ್ಳಲು ಬಂದ ನನ್ನ ತಾಯಿ, ಕುಂಕುಮದ ಭರಣಿ ಹಿಡಿದು, ಅವರು ನೋಡಿ ಮುಗಿಸುವವರೆಗೂ ಹಿಂದೆ ಸುಮ್ಮನೆ ಕಾಯುತ್ತಿದ್ದರು.