ಎಡಗಡೆ ಲೈನರಿನ ಕುಂಕುಮ

ಲಾರಿ ರಿಪೇರಿ ಮಾಡುವ ಭಾಲ್ಕಿಯ ಮೇಸ್ತ್ರಿ ಯಾರದೋ ಮದುವೆಗೆ ಹೋಗಿದ್ದ. ಮರುದಿನವೇ ಔರಾದಿನಿಂದ ಸೋಯಾ ಚೀಲ ತರಬೇಕಿತ್ತು. ಹೀಗಾಗಿ ಬೀದರಿನ ನಮ್ಮ ಮನೆಯಂಗಳದಲ್ಲೇ ನಾನು, ನನ್ನ ತಮ್ಮ ಸೇರಿ ಲಾರಿಯ ಮುಂದಿನ ಎರಡೂ ಗಾಲಿ ಬಿಚ್ಚಿದೆವು. ಬ್ರೇಕ್ ಒತ್ತಿದಾಗ ಗಾಲಿಯನ್ನು ಉಜ್ಜಿ ಹಿಡಿಯುವ ಲೈನರ್, ರಿವೆಟ್ ಕಾಣುವಷ್ಟು ಸವೆದಿತ್ತು. ಬಲಗಡೆಯದು ನನ್ನ ಪಾಲು, ಎಡಗಡೆಯದು ಅವನದು. ಗ್ರೀಸ್ ಕೀಲುಗಳಿಗೆ ಮಾತ್ರ, ಹೊಸ ಲೈನರಿಗೆ ಜಿಡ್ಡು ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ ಎಂದು ಅವನಿಗೆ ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ.

ಅವ್ವನಿಗೆ ಯಾರು ಹೇಳಬೇಕು? ನಮ್ಮ ಮನೆಯಲ್ಲಿ ಹೊಸ ಸಾಮಾನಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚದೆ ಬಳಸುವಂತಿಲ್ಲ. ಬಲಗಡೆ ನಾನು ಬರೀ ಹಿಂದಿನ ಕಬ್ಬಿಣಕ್ಕೆ ಹಚ್ಚಿಸಿದೆ. ಎಡಗಡೆಯಲ್ಲಿ, ನಾನು ಕೈ ತೊಳೆಯಲು ಹೋದಾಗ, ಅವಳು ಲೈನರನ್ನೇ ತಿರುವಿ ಉಜ್ಜುವ ಮುಖಕ್ಕೆ ಹಚ್ಚಿದ್ದಾಳೆ.

"ಬೆನ್ನಿಗೆ ಯಾರರ ಕುಂಕುಮ ಹಚ್ತಾರೇನೋ? ಮಾರಿಗೆ ಹಚ್ಚಬೇಕು!"

ನಮ್ಮ ತಮ್ಮ ಅವ್ವನ ಎದುರು ತುಟಿ ಬಿಚ್ಚುವವನಲ್ಲ. ಅರಿವೆಯಿಂದ ಒರೆಸಿ, ಹಾಗೇ ಕೂಡಿಸಿ, ನನಗೂ ಹೇಳದೆ ಸುಮ್ಮನಿದ್ದ. ಎಣ್ಣೆ ಅಷ್ಟರಲ್ಲಿ ಒಳಗಿಳಿದಿತ್ತು.

ರಿಪೇರಿಯಾದ ಗಾಡಿಯಲ್ಲಿ ಮೊದಲು ಅವ್ವ ಕೂರಬೇಕು, ಪಕ್ಕದ ಊರು ಅಷ್ಟೂರಿನವರೆಗೆ ಹೋಗಿ ಬರಬೇಕು. ಅದೂ ಮನೆಯ ಪದ್ಧತಿ. ಮೂವರೂ ಹೊರಟೆವು.

ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಲಾರಿ ಬಲಕ್ಕೆ ಎಳೆಯಿತು. ಇನ್ನಷ್ಟು ಒತ್ತಿದೆ, ಇನ್ನಷ್ಟು ಬಲಕ್ಕೆ ಹೋಯಿತು. ಬಲಗಡೆ ತಗ್ಗು, ಎದುರಿಗೆ ಹೆಂಗಸರು ತುಂಬಿದ ಟಂಟಂ ಆಟೋ. ದೇವರೇ, ಹೆತ್ತವಳನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೇನೆ ಅನ್ನಿಸಿತು. ಬ್ರೇಕ್ ಬಿಟ್ಟು, ಗೇರ್ ಇಳಿಸಿ, ಸ್ಟೇರಿಂಗನ್ನು ಎಡಕ್ಕೆ ಜಗ್ಗಿದೆ. ಟಂಟಂನವನು ಬಯ್ಯುತ್ತ ಪಕ್ಕದಲ್ಲೇ ಹಾದುಹೋದ. ಹ್ಯಾಂಡ್‌ಬ್ರೇಕ್ ಎಳೆದೆ. ಲಾರಿ ನಿಂತಿತು. ಎದುರಿಗೆ ಇಳಿಜಾರು ಇನ್ನೂ ಅಷ್ಟುದ್ದ ಇತ್ತು.

"ಎಡಗಡೆ ಎಣ್ಣಿ ಹತ್ತಿತ್ತಣ್ಣಾ. ಅವ್ವ ಕುಂಕುಮ ಹಚ್ಚಿದ್ಳು," ಎಂದ ತಮ್ಮ.

ನನಗೆ ತಲೆ ಕೆಟ್ಟಿತು. "ಸಾಯಿಸ್ತಿದ್ದಿ ಎಲ್ಲಾರನ್ನ! ಬಾಯಿ ಇರಲಿಲ್ಲೇನು ನಿನಗ?" ಎಂದು ಕೂಗಾಡಿದೆ. ಬೈದದ್ದು ಅವನನ್ನು, ಕೇಳಿಸಿಕೊಂಡವಳು ಅವ್ವ. ಬಾಗಿಲು ತೆಗೆದು ಕೆಳಗಿಳಿದಳು. ತಮ್ಮ ಜ್ಯಾಕ್ ತರಲು ಮನೆಯತ್ತ ಓಡಿದ.

ನಾನು ಇಳಿದು ಮುಂದೆ ಬಂದು ನೋಡುತ್ತೇನೆ, ಅವ್ವ ಗಾಲಿಗೆ ಕಲ್ಲೊಂದನ್ನು ಆನಿಸಿ, ಆ ಕಲ್ಲಿಗೆ ಬೆನ್ನು ಕೊಟ್ಟು ರಸ್ತೆಯ ಮೇಲೆ ಕುಳಿತಿದ್ದಾಳೆ.

"ಅವ್ವಾ, ಏಳು! ಗಾಡಿ ಮುಂದ ಕೂಡಬ್ಯಾಡ! ಹ್ಯಾಂಡ್‌ಬ್ರೇಕ್ ಹಾಕೇನಿ!"

"ಕಲ್ಲು ಸಣ್ಣದ ಅದ ಅಪ್ಪಾ. ಅದು ತಡೀಲಿಲ್ಲಂದ್ರ ನಾ ತಡೀತೇನಿ."

ಬೈದೆ, ಕಾಲಿಗೆ ಬಿದ್ದೆ, ರಟ್ಟೆ ಹಿಡಿದು ಎಳೆದೆ. ಅಲುಗಲಿಲ್ಲ. ಕೊನೆಗೆ ನಾನೂ ಗಾಲಿಯ ಮುಂದೆ ಅವಳ ಪಕ್ಕ ಕುಳಿತು ಅತ್ತುಬಿಟ್ಟೆ.