ಚೆಕಿಂಗ್ ಟೇಬಲ್ಲಿಗೆ ಬಂದ ಅಳಿಯ

ದೊಡ್ಡಮ್ಮ ಅವನನ್ನು ಮೊದಲ ಸಲ ನೋಡಿದಾಗ ಅವನು ಅವಳ ಟೇಬಲ್ಲಿನ ಮೇಲೆಯೇ ಬರಿಗಾಲಲ್ಲಿ ನಿಂತು, ಚಾವಣಿಯ ಪೈಪಿಗೆ ಕ್ಯಾಮೆರಾ ಬಿಗಿಯುತ್ತಿದ್ದ.

"ಇಳಿಯಪ್ಪಾ ಕೆಳಗೆ. ಅದು ಬಿಳಿ ಬಟ್ಟೆ ಹಾಸೋ ಜಾಗ."

"ಕಾಲು ತೊಳ್ಕೊಂಡೇ ಹತ್ತಿದೀನಿ ಅಮ್ಮಾ."

"ತೊಳೆದರೂ ಕಾಲು ಕಾಲೇ."

ಅವನು ಇಳಿದು ತನ್ನ ಕರ್ಚೀಫಿನಿಂದಲೇ ಟೇಬಲ್ಲು ಒರೆಸಿದ. ಇದ್ದದ್ದಕ್ಕಿಂತ ಕೊಳೆಯಾಯಿತು. ದೊಡ್ಡಮ್ಮ ತಾನೇ ಮತ್ತೆ ಒರೆಸಿದಳು.

ಅದು ಶರ್ಟು ಹೊಲಿಯುವ ಫ್ಯಾಕ್ಟರಿ. ಹೊಲಿದ ಮಾಲೆಲ್ಲ ಕೊನೆಗೆ ಬಂದು ಬೀಳುವುದು ಚೆಕಿಂಗ್ ಟೇಬಲ್ಲಿಗೆ. ಬಿಟ್ಟ ಹೊಲಿಗೆ, ಎಣ್ಣೆ ಕಲೆ, ಸಡಿಲ ಗುಂಡಿ, ಇವನ್ನು ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ಹುಡುಕುತ್ತಾರೆ. ದೊಡ್ಡಮ್ಮನ ಪಕ್ಕದ ಟೇಬಲ್ಲು ಅವಳ ನಾದಿನಿಯದು, ಸತ್ತ ಗಂಡನ ತಂಗಿಯದು. ತಪ್ಪು ಹುಡುಕುವ ಈ ಕೆಲಸವನ್ನು ಇನ್ನು ಮುಂದೆ ಕ್ಯಾಮೆರಾದ ಮಿಷನ್ನೂ ಕಲಿಯಬೇಕಂತೆ. ಕಲಿಸಲು ಬಂದವನೇ ಈ ಎಂಜಿನಿಯರ್. ಮಿಷನ್ನು ಮಾರಿದ ಕಂಪನಿಯವನಾದರೂ ಅವನ ಕೆಲಸ ಕೊಂಡವರ ಮನೆಯಲ್ಲಿ. ಅಲ್ಲಿಯವರ ನಡುವೆ ಕೂತು, ಅಲ್ಲಿಯ ಕೆಲಸ ಮಿಷನ್ನಿಗೆ ಒಗ್ಗುವವರೆಗೂ ಅವನು ಕದಲುವಂತಿಲ್ಲ.

ಕುರ್ಚಿ ಯಾರೂ ಕೊಡಲಿಲ್ಲ. ದಾರದ ಉಂಡೆಗಳ ಕ್ರೇಟು ಬೋರಲು ಹಾಕಿ ಕೂತ. ಮಧ್ಯಾಹ್ನ ಹೆಂಗಸರ ಜೊತೆಯೇ ಡಬ್ಬಿ ಬಿಚ್ಚಿದ. ಅವನಿಗೆ ಹೆಸರಿಟ್ಟವಳು ನಾದಿನಿ.

"ಮಾಡೋ ಕೆಲಸ ಏನು ಅಂತ ಯಾರಿಗೂ ಗೊತ್ತಿಲ್ಲ. ಊಟದ ಹೊತ್ತಿಗೆ ಮಾತ್ರ ತಪ್ಪದೆ ಹಾಜರು. ಅತ್ತಿಗೆ, ಇವನು ಮನೆ ಅಳಿಯ ಅಲ್ಲದೆ ಇನ್ನೇನು?"

"ಅಳಿಯ ಮನೆ ತೊಳಿಯ ಅಂತ ಗಾದೆ ಇದೆ, ಹುಷಾರು," ಎಂದಳು ದೊಡ್ಡಮ್ಮ.

ಅವನೂ ನಕ್ಕ. ಅಂದಿನಿಂದ ದೊಡ್ಡಮ್ಮನನ್ನು ಅತ್ತೆ ಎಂದೇ ಕರೆದ. ಇದಕ್ಕೆ ಮೊದಲು ಟೈಲ್ಸ್ ಫ್ಯಾಕ್ಟರಿಯಲ್ಲಿದ್ದನಂತೆ, ಅದಕ್ಕೂ ಮೊದಲು ಔಷಧಿ ಗೋದಾಮಿನಲ್ಲಿ. ಎಲ್ಲಿ ಹೋದರೂ ಕೆಲಸ ಕೈಗೆ ಹತ್ತುವ ಹೊತ್ತಿಗೆ ಹೊರಡುವ ಕಾಲ ಬರುತ್ತಿತ್ತು. "ನಮ್ಮ ಆಫೀಸಿನವರು ನನ್ನನ್ನ ಫ್ಯಾಕ್ಟರಿಯೋನು ಅಂತಾರೆ, ಫ್ಯಾಕ್ಟರಿಯೋರು ಕಂಪನಿಯೋನು ಅಂತಾರೆ. ನಾನು ಯಾರೋನು ಅಂತ ನಮ್ಮಮ್ಮನ್ನೇ ಕೇಳಬೇಕು," ಎನ್ನುತ್ತಿದ್ದ.

ಎಲ್ಲ ಟೇಬಲ್ಲುಗಳ ಮೇಲೂ ಕ್ಯಾಮೆರಾ ಬಂತು. ಬಟ್ಟೆ ಹಿಡಿದ ಕೈ ಆಡುತ್ತಿದ್ದರೆ ಚಿತ್ರ ಕಲಸಿಹೋಗುತ್ತಿತ್ತು. ಬಟ್ಟೆ ಅಲುಗದೆ ನಿಂತರೆ ಮಾತ್ರ ಮಿಷನ್ನಿಗೆ ಪಾಠ. ಅದಕ್ಕೆ ಅವನು ಕಂಪ್ಯೂಟರ್ ಪರದೆಯ ಮೂಲೆಯಲ್ಲಿ, ತನಗೆ ಗೊತ್ತಾಗಲೆಂದು, ಟೇಬಲ್ಲಿಗೊಂದು ಗೆರೆ ಇಟ್ಟುಕೊಂಡಿದ್ದ. ಕೈ ಆಡಿದರೆ ಹಸಿರು, ನಿಂತರೆ ಕೆಂಪು. ಕೆಂಪಾದ ಕೂಡಲೇ ಮಿಷನ್ನು ಚಿತ್ರ ಹಿಡಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕೆಂಪು ನಾದಿನಿಯದು. ಕಾಲರನ್ನು ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ನೋಡುವುದು ಅವಳ ಅಭ್ಯಾಸ.

"ನಿಮ್ಮಿಂದಾನೇ ಇದು ಹೆಚ್ಚು ಕಲೀತಿರೋದು ಅಕ್ಕಾ," ಎಂದು ಅವಳಿಗೆ ಎಷ್ಟೋ ಸಲ ಹೇಳಿದ್ದ.

ಫ್ಯಾಕ್ಟರಿಯ ಯಜಮಾನರು ನೋಡಲು ಬಂದ ದಿನ ಮಿಷನ್ನು ಒಂದು ಎಣ್ಣೆ ಕಲೆ ಹಿಡಿದು ತೋರಿಸಿತು. ಯಜಮಾನರ ಕಣ್ಣು ಕಲೆಯ ಮೇಲೆ ನಿಲ್ಲಲಿಲ್ಲ. ಬೆರಳು ಮೂಲೆಯ ಗೆರೆಗೆ ಹೋಯಿತು.

"ಇದೇನಪ್ಪಾ?"

"ಅದು ನನ್ನ ಗುರುತು ಸಾರ್. ಕೈ ನಿಂತಾಗ ಕೆಂಪಾಗುತ್ತೆ. ಅಂದ್ರೆ..."

ಕಂಪನಿಯಲ್ಲಿ ಅಳಿಯನ ಮೇಲಿನವನು ಇಸ್ತ್ರಿ ಮುರಿಯದ ಶರ್ಟಿನಲ್ಲಿ ಜೊತೆಗೇ ಬಂದಿದ್ದ. ಮಾತು ಮುಗಿಯಲು ಬಿಡಲಿಲ್ಲ. "ಬೇಕಾದ್ರೆ ಯಾರ ಕೈ ಎಷ್ಟು ಹೊತ್ತು ನಿಂತಿತ್ತು ಅಂತ ಒಬ್ಬೊಬ್ಬರದ್ದೂ ದಿನದ ಲೆಕ್ಕ ತೆಗೆದುಕೊಡ್ತೀವಿ ಸಾರ್."

ಅಳಿಯ ಬಾಯಿ ಮುಚ್ಚಿಕೊಂಡ. ದೊಡ್ಡಮ್ಮ ಕೈಗೆಟುಕುವಷ್ಟು ದೂರದಲ್ಲೇ ಕೂತು ಅದನ್ನು ನೋಡಿದಳು.

ಮುಂದಿನ ವಾರ ಸೂಪರ್‌ವೈಸರ್ ಎಲ್ಲರೆದುರಿಗೆ ನಾದಿನಿಯನ್ನು ಎಬ್ಬಿಸಿದ. "ಕೈ ಕಟ್ಕೊಂಡು ಕೂರೋರಿಗೆ ಇಲ್ಲಿ ಜಾಗ ಇಲ್ಲಮ್ಮ. ನಾನು ಹೇಳ್ತಿಲ್ಲ, ಮಿಷನ್ನೇ ಹೇಳ್ತಿದೆ." ಅವಳು ಅಳಲಿಲ್ಲ. ಏಪ್ರನ್ನು ಮಡಚಿ ಟೇಬಲ್ಲಿನ ಮೇಲಿಟ್ಟು ಹೋದಳು. ಅವಳು ಮನೆ ಮುಟ್ಟುವ ಮೊದಲೇ ಮೈಗಳ್ಳಿ ಎಂಬ ಮಾತು ಅವಳ ಬೀದಿ ಮುಟ್ಟಿತ್ತು. ಬಾಗಿಲು ಹಾಕಿಕೊಂಡವಳು ನಲ್ಲಿಯ ನೀರಿಗೂ ಹೊರಗೆ ಬರಲಿಲ್ಲ. ದೊಡ್ಡಮ್ಮ ಹೋಗಿ ಕರೆದರೆ ಒಳಗಿನಿಂದಲೇ, "ನಾನು ಸೋಮಾರಿನಾ ಅತ್ತಿಗೆ? ನೀವೇ ಹೇಳಿ," ಎಂದಳು.

ದೊಡ್ಡಮ್ಮ ಮರುದಿನ ನೇರವಾಗಿ ಕ್ರೇಟಿನ ಮುಂದೆ ಹೋಗಿ ನಿಂತಳು.

"ಕೆಂಪು ಅಂದ್ರೆ ಏನು ಅಂತ ನಿನಗೆ ಗೊತ್ತಿತ್ತು ತಾನೆ?"

"ಗೊತ್ತಿತ್ತು ಅತ್ತೆ."

"ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

ಅವನು ಕೀಬೋರ್ಡು ನೋಡುತ್ತ ಹೇಳಿದ: "ನಮ್ಮಪ್ಪ ತಕ್ಕಡಿ ರಿಪೇರಿ ಮಾಡ್ತಿದ್ರು. ಮುಳ್ಳು ಸರಿಮಾಡೋದಷ್ಟೇ ನಮ್ಮದು, ಅಂಗಡಿಯೋನು ಹೇಗೆ ತೂಗ್ತಾನೋ ಅದು ನಮಗ್ಯಾಕೆ ಅಂತಿದ್ರು."

"ನಿಮ್ಮಪ್ಪ ಅಕ್ಕಿ ತೂಗೋ ತಕ್ಕಡಿ ಸರಿಮಾಡಿದ್ರು. ನೀನು ನಮ್ಮನ್ನೇ ಅದರಲ್ಲಿ ಕೂರಿಸಿದೆ. ಅವಳ ಕೈಯಿಂದಾನೇ ಕಲಿತು ಅವಳ ಹೊಟ್ಟೆಗೇ ಹೊಡೆದೆಯಲ್ಲೋ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

ಅವನ ಮುಖ ಕಪ್ಪಿಟ್ಟಿತು. ಎದ್ದು ಯಜಮಾನರ ಗಾಜಿನ ಕೋಣೆಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಅದು ಸೋಮಾರಿತನ ಅಲ್ಲ ಸಾರ್, ಬಟ್ಟೆ ನೋಡೋ ಹೊತ್ತು. ಹೆಚ್ಚು ಕೆಂಪು ಇರೋ ಟೇಬಲ್ಲಿಂದ ಮಾಲು ವಾಪಸ್ ಬಂದಿರೋದೇ ಕಮ್ಮಿ. ಆ ಅಕ್ಕನ್ನ ವಾಪಸ್ ಕರೀರಿ."

"ತೆಗೆದಮೇಲೆ ಆಯ್ತು. ಒಬ್ಬಳನ್ನ ಕರೆದ್ರೆ ನಾಳೆ ಎಲ್ಲರೂ ಕೈ ನಿಲ್ಲಿಸ್ತಾರೆ. ಆ ಗೆರೆ ನನಗೆ ಬೇಕು. ನಿಮ್ಮ ಮಿಷನ್ನಲ್ಲಿ ನನಗೆ ಹಿಡಿಸಿದ್ದು ಅದೊಂದೇ."

ಅಳಿಯ ಬಂದು ಕ್ರೇಟಿನ ಮೇಲೆ ಕೂತ. ಬೆರಳು ಪಟಪಟನೆ ಓಡಿತು, ಗೆರೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಅವನ ಮೇಲಿನವನ ಫೋನು ಬಂತು. ಆ ಕಡೆಯ ಕೂಗಾಟ ದೊಡ್ಡಮ್ಮನಿಗೂ ಕೇಳಿಸಿತು.

"ವಾಪಸ್ ಹಾಕು ಅದನ್ನ."

"ಹಾಕಲ್ಲ."

"ಹಾಗಾದ್ರೆ ಬ್ಯಾಗು ಎತ್ಕೊಂಡು ಬಾ. ನಾಳೆ ಬೇರೆಯೋನು ಬಂದು ಹಾಕ್ತಾನೆ."

ಹೆಂಗಸರೆಲ್ಲ ಅಯ್ಯೋ ಪಾಪ ಎಂದರು. ದೊಡ್ಡಮ್ಮ ಅನ್ನಲಿಲ್ಲ. ಬೆಂಕಿ ಇಟ್ಟವನೇ ಒಂದು ಚೊಂಬು ನೀರು ಹಿಡಿದು ಬಂದರೆ ಪುಣ್ಯವಂತ ಎನ್ನಬೇಕೆ? ನಾಳೆ ಗೆರೆ ಮತ್ತೆ ಬರುತ್ತದೆ. ನಾದಿನಿಯ ಜಾಗದಲ್ಲಿ ಆಗಲೇ ಬೇರೆ ಹೆಂಗಸು ಕೂತು, ಬಟ್ಟೆ ನೋಡಲಿ ಬಿಡಲಿ, ಕೈಯನ್ನು ಮಾತ್ರ ಆಡಿಸುತ್ತಲೇ ಇದ್ದಳು.

ಸಂಜೆ ಗೇಟಿನ ಹೊರಗೆ ಅವನು ಬ್ಯಾಗು ಹೆಗಲಿಗೇರಿಸಿ ಕಾಯುತ್ತಿದ್ದ. ದೊಡ್ಡಮ್ಮ ನೋಡದವಳಂತೆ ದಾಟಿ ನಡೆದಳು. ಅವನು ಹಿಂದೆಯೇ ಬಂದ.

"ಅತ್ತೆ, ಅಕ್ಕನ ಮನೆ ಎಲ್ಲಿ?"

"ಯಾಕೆ? ಇನ್ನೇನು ಬಾಕಿ ಉಳೀತು ಅಲ್ಲಿ?"

"ಕೆಂಪು ಅಂದ್ರೆ ಏನು ಅಂತ ಅವರ ಬೀದಿಯೋರ ಮುಂದೆ ಹೇಳಬೇಕು. ಬಾಗಿಲು ತೆಗೆಯದಿದ್ರೆ ಹೊರಗೆ ನಿಂತೇ ಹೇಳ್ತೀನಿ."

ದೊಡ್ಡಮ್ಮ ನಿಂತಳು. ಸಿಟ್ಟು ಇಳಿದಿರಲಿಲ್ಲ. ಅವನಿಗೂ ಅದು ಕಾಣುತ್ತಿತ್ತು.

"ನೀವೂ ಬರ್ತೀರಾ ಅತ್ತೆ," ಎಂದು ಕೇಳಿದ, "ಇಲ್ಲಾ ನಾನೊಬ್ಬನೇ ಹೋಗಿ ಬೈಸ್ಕೊಳ್ಳಲಾ?"